ಬುಲೆಟ್ಟಿಗೆ ಎಣ್ಣೆಸ್ನಾನ

ಅಪ್ಪನ ಹಳೆಯ ಬನಿಯನ್ ಹರಿದು ಮಾಡಿದ ಬಟ್ಟೆಯಲ್ಲಿ ಮೊದಲು ಟ್ಯಾಂಕು ಒರೆಸಿದೆ. ಆಮೇಲೆ ಹೆಡ್‌ಲೈಟು, ಹ್ಯಾಂಡಲು, ಹ್ಯಾಂಡಲಿನ ಎರಡೂ ಕಡೆಯ ಲಿವರುಗಳು. ಸೀಟಿನ ಕೆಳಗಿನ ಸ್ಪ್ರಿಂಗಿನ ಸಂದಿಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ತೂರಿಸಬೇಕಿತ್ತು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸಬೇಕು, ಅಜ್ಜಿ ರುದ್ರಾಕ್ಷಿ ಎಣಿಸಿದ ಹಾಗೆ. ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಗೇಟಿನಾಚೆ, ಇಳಿಜಾರು ಬೀದಿಯ ಕೊನೆಯಲ್ಲಿ, ನಲ್ಲಿಯ ಮುಂದೆ ಕೊಡಗಳು ತಮ್ಮ ಒಡತಿಯರ ಪರವಾಗಿ ಸಾಲಿನಲ್ಲಿ ನಿಂತಿದ್ದವು. ಕೊನೆಗೆ ಬಟ್ಟೆಯನ್ನು ಹಿಂಡಿ, ಸೈಲೆನ್ಸರಿನ ಮೇಲೆ ಒಣಹಾಕಿ ಒಳಗೆ ಹೋದೆ.

ಗಾಡಿ ನಮ್ಮದಲ್ಲ. ನಮ್ಮ ಮನೆಯಲ್ಲಿ ನಿಂತಿತ್ತು, ಅಷ್ಟೆ. ನನ್ನದೂ ಅದೇ ಕಥೆ.

ನನ್ನ ಮದುವೆಯಾದದ್ದು ವೈಶಾಖದಲ್ಲಿ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮುಖ ನೋಡಬಾರದೆಂದು ಹೊಸಹಳ್ಳಿಗೆ, ತವರಿಗೆ, ಕಳಿಸಿದರು. ಆಷಾಢ ಹೋಯಿತು. ಗೌರಿ ಬಂದು ಬಾಗಿನ ತೆಗೆದುಕೊಂಡು ಹೋದಳು. ದಸರೆಯ ಆನೆಗಳೂ ಮೈಸೂರಿನಿಂದ ತಮ್ಮ ತಮ್ಮ ಕಾಡು ಸೇರಿಕೊಂಡವು. ನನ್ನನ್ನು ಮಾತ್ರ ಬಸವೇಶ್ವರನಗರದಿಂದ ಯಾರೂ ಕರೆಯಲು ಬರಲಿಲ್ಲ. ಮಾತುಕತೆಯ ದಿನ ಅಪ್ಪ ಒಪ್ಪಿಕೊಂಡಿದ್ದ ಮೋಟರ್ ಸೈಕಲ್ ಇನ್ನೂ ಅಳಿಯನ ಕೈ ಸೇರಿರಲಿಲ್ಲವಲ್ಲ! ಶ್ರಾವಣದಲ್ಲಿ ಅಪ್ಪ ರಾಜಾಜಿನಗರದ ಒಬ್ಬ ರಿಟೈರ್ಡ್ ಪೊಲೀಸರಿಂದ ಹಳೆಯ ಬುಲೆಟ್ ಕೊಂಡು ತಂದು, ಗಾಡಿ ಬಂದಿದೆ ಎಂದು ಹೇಳಿಕಳಿಸಿದರು. ನನ್ನ ಮಾವ ಗುರುಸಿದ್ದಯ್ಯನವರು ತಿರುಗಿ ಹೇಳಿಕಳಿಸಿದರು: “ಮೊದಲನೇ ದೀಪಾವಳಿಗೆ ಅಳಿಯನ ಕೈಗೆ ಕೊಡಿ. ಅದೇ ಗಾಡಿ ಮೇಲೆ ಸೊಸೇನೂ ಬರ್ಲಿ. ಲಕ್ಷಣವಾಗಿರತ್ತೆ.”

ಲಕ್ಷಣದ ವಿಷಯದಲ್ಲಿ ನಮ್ಮ ಮಾವ ಬಹಳ ಕಟ್ಟುನಿಟ್ಟು.

ಹೀಗಾಗಿ ಗಾಡಿ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ, ನಾನು ನಡುಮನೆಯಲ್ಲಿ ಚಾಪೆಯ ಮೇಲೆ. ಎದುರು ಮನೆಯ ಗಂಗಲಕ್ಷ್ಮಮ್ಮ ದಿನಾ ಗೇಟಿಗೆ ಕೈ ಊರಿ ವಿಚಾರಿಸುತ್ತಿದ್ದಳು.

“ಏನೇ ರಾಜೇಶ್ವರಿ, ಇನ್ನೂ ಇಲ್ಲೇ ಇದೀಯಾ?”

ನಾನು ತಲೆಯಾಡಿಸುತ್ತಿದ್ದೆ.

“ಗಾಡಿ ಕಾಯೋಕೆ ನಿನ್ನ ಬಿಟ್ಟವ್ರೋ, ನಿನ್ನ ಕಾಯೋಕೆ ಗಾಡಿ ಬಿಟ್ಟವ್ರೋ?”

ಅದಕ್ಕೂ ತಲೆಯಾಡಿಸುತ್ತಿದ್ದೆ. ಅವಳು ಅದನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡು ನಲ್ಲಿಯ ಹತ್ತಿರ ಹೋಗಿ ಹಂಚುತ್ತಿದ್ದಳು.

ನನ್ನ ಅಪ್ಪ ಗಂಗಾಧರಯ್ಯನವರಿಗೆ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗಗಳಿಗೆ ಎಣ್ಣೆ ಹಾಕುವ ಕೆಲಸ. ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಹಗಲಿಡೀ ಸಾಲಿನಿಂದ ಸಾಲಿಗೆ ನಡೆದೂ ನಡೆದೂ ಅವರ ಮಂಡಿ ಸವೆದಿತ್ತು. ಎಲ್ಲಿ ಕಿರ್ ಎಂದರೂ ಅವರ ಕೈ ತನ್ನಿಂತಾನೇ ಡಬ್ಬಿಗೆ ಹೋಗುತ್ತಿತ್ತು. ನಮ್ಮ ಮನೆಯ ಒಂದು ಬಾಗಿಲೂ ಸದ್ದು ಮಾಡುತ್ತಿರಲಿಲ್ಲ. ರಾತ್ರಿ ಕಳ್ಳ ಬಂದರೂ ಗೊತ್ತಾಗುವುದಿಲ್ಲ ಎಂದು ಅಮ್ಮ ಗೊಣಗುತ್ತಿದ್ದಳು.

ಗಾಡಿಯನ್ನು ಸುಮ್ಮನೆ ನಿಲ್ಲಿಸಿದರೆ ಬ್ಯಾಟರಿ ಕೂತುಹೋಗುತ್ತದೆ, ಆಗಾಗ ಸ್ಟಾರ್ಟ್ ಮಾಡಿಡಿ ಎಂದು ಆ ಪೊಲೀಸರು ಹೇಳಿದ್ದರು. ಅಪ್ಪನ ಮಂಡಿ ಕಿಕ್ಕರ್ ತುಳಿಯಲು ಒಪ್ಪಲಿಲ್ಲ. “ರಾಜಿ, ಬಾ ಇಲ್ಲಿ. ಗೇಟ್ ಹಾಕ್ಬಿಡು,” ಎಂದರು. ಗೇಟು ಹಾಕಿ, ಸೆರಗು ಸಿಕ್ಕಿಸಿ, ನೆರಿಗೆ ಎತ್ತಿಕಟ್ಟಿ ಹತ್ತಿ ಕುಳಿತೆ. ಅಪ್ಪ ಕುರ್ಚಿಯ ಮೇಲೆ ಕೂತು ಹೇಳುವುದು, ನಾನು ಮಾಡುವುದು.

ಬುಲೆಟ್ಟನ್ನು ಒದ್ದರೆ ಅದು ತಿರುಗಿ ಒದೆಯುತ್ತದೆ. ಅದಕ್ಕೆ ಮರ್ಯಾದೆ ಕೊಡಬೇಕು. ಟ್ಯಾಂಕಿನ ಕೆಳಗಿನ ಪೆಟ್ರೋಲಿನ ನಲ್ಲಿ ತಿರುಗಿಸಿ, ಹೆಡ್‌ಲೈಟಿನ ಮೇಲಿನ ಪುಟ್ಟ ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಅದುಮಬೇಕು. ಆಮೇಲೆ ಎಡಗೈ ಹತ್ತಿರದ ಚಿಕ್ಕ ಲಿವರು ಎಳೆದರೆ ಎಂಜಿನ್ನು ಉಸ್ಸೆಂದು ಉಸಿರು ಬಿಡುತ್ತದೆ. ಅದು ಉಸಿರು ಬಿಟ್ಟಾಗ ಕಿಕ್ಕರನ್ನು ಇನ್ನಷ್ಟು ಇಳಿಸಿ, ಲಿವರು ಬಿಟ್ಟು, ಕಾಲು ಮೇಲೆ ತಂದು, ಒಂದೇ ಏಟಿಗೆ ಪೂರ್ತಿ ತುಳಿಯಬೇಕು. ಮೊದಮೊದಲು ನನ್ನ ಮೀನಖಂಡದಲ್ಲಿ ನೇರಳೆ ಹಣ್ಣಿನ ಬಣ್ಣದ ಗುರುತುಗಳು ಎದ್ದವು. ಆಮೇಲಾಮೇಲೆ ಗಾಡಿ ನನ್ನನ್ನು ಒಪ್ಪಿಕೊಂಡಿತು. ಗಂಡನ ಮನೆಯಲ್ಲಿ ಅತ್ತೆಯ ಒಲೆ ನನ್ನನ್ನು ಇಷ್ಟು ಬೇಗ ಒಪ್ಪಿರಲಿಲ್ಲ.

ಸ್ಟ್ಯಾಂಡಿನ ಮೇಲಿದ್ದಾಗ ಹಿಂದಿನ ಚಕ್ರ ನೆಲ ಮುಟ್ಟುವುದಿಲ್ಲ. ಹಾಗಾಗಿ ಎಂಜಿನ್ ಓಡುವಾಗ ಗೇರುಗಳನ್ನೂ ಹಾಕಿ ನೋಡುತ್ತಿದ್ದೆ. ಗೇರು ಬಲಗಾಲಿಗೆ. ಮೇಲೆತ್ತಿದರೆ ಒಂದು, ಕೆಳಗೆ ಒತ್ತುತ್ತ ಹೋದರೆ ಎರಡು, ಮೂರು, ನಾಲ್ಕು. ಬ್ರೇಕು ಎಡಗಾಲಿಗೆ. ಬೇರೆ ಗಾಡಿಗಳಲ್ಲಿ ಇದೆಲ್ಲ ತಿರುಗುಮುರುಗಾಗಿರುತ್ತದೆ ಎಂದು ಅಪ್ಪನಿಗೆ ಆ ಪೊಲೀಸರು ಹೇಳಿದ್ದರಂತೆ. ಅಜ್ಜಿಗೆ ಇದು ಸರಿಬರಲಿಲ್ಲ.

“ಎಡಗಾಲಲ್ಲಿ ನಿಲ್ಸೋದಾ? ದರಿದ್ರ! ಬಲಗಾಲಿಗೆ ಹಾಕ್ಸೋ ಗಂಗಾಧರ.”

“ಕಂಪ್ನಿಯೋರೇ ಹಂಗೆ ಮಾಡವ್ರೆ ಕಣವ್ವ.”

“ಕಂಪ್ನಿಯೋರ ಮನೇಲಿ ಹೆಂಗಸ್ರಿಲ್ವಾ ಹೇಳೋಕೆ?”

ಕಾಂಪೌಂಡಿನೊಳಗೆ, ಒಂದಂಗುಲವೂ ಮುಂದೆ ಹೋಗದೆ, ನಾನು ಎಷ್ಟೋ ದೂರ ಹೋಗಿಬರುತ್ತಿದ್ದೆ. ಕೆಂಗೇರಿವರೆಗೂ ಹೋಗಿದ್ದೇನೆ. ಗಾಡಿಯಲ್ಲಿದ್ದ ದೋಷ ಒಂದೇ. ಎಡಗಾಲು ಒತ್ತಿದಾಗ ಹಿಂದಿನ ಬ್ರೇಕು ಹಂದಿ ಕಿರುಚಿದಂತೆ ಕಿರುಚುತ್ತಿತ್ತು. ಚಕ್ರವೇನೋ ಥಟ್ಟನೆ ನಿಲ್ಲುತ್ತಿತ್ತು. ಆದರೆ ಆ ಸದ್ದಿಗೆ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಪ್ಪನ ಕೈ ಬೆರಳು ಚಡಪಡಿಸುತ್ತಿತ್ತು.

*

ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹಂಡೆಗೆ ಸುಣ್ಣದ ಗೆರೆ ಎಳೆದು ಹಾಗಲಬಳ್ಳಿ ಸುತ್ತುತ್ತಿದ್ದಳು. ನಾನು ಕೊಡ ಹೊತ್ತು ಅಂಗಳಕ್ಕೆ ಬಂದಾಗ ಅಜ್ಜಿ ಗಾಡಿಯ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಒಳಲೆ. ನಮ್ಮ ಮನೆಯ ಮಕ್ಕಳೆಲ್ಲ, ನಾನೂ ಸೇರಿ, ಅಜ್ಜಿಯ ಕಾಲ ಮೇಲೆ ಅಂಗಾತ ಮಲಗಿ ಆ ಹಿತ್ತಾಳೆ ಒಳಲೆಯ ಮೂತಿಯಿಂದಲೇ ಹರಳೆಣ್ಣೆ ಕುಡಿದವರು. ಈಗ ಅದರ ಮೂತಿ ಬ್ರೇಕಿನ ಡ್ರಮ್ಮಿನ ಸಂದಿಯಲ್ಲಿತ್ತು.

“ಅಜ್ಜೀ, ಬೇಡ,” ಎಂದೆ.

ನಾನು ಬೇಡ ಎಂದರೆ ನಮ್ಮ ಮನೆಯಲ್ಲಿ ಇನ್ನೊಂದು ಸೌಟು ಬಡಿಸುತ್ತಾರೆ. ಅಜ್ಜಿಯೂ ಇನ್ನೊಂದಿಷ್ಟು ಸುರಿದಳು.

“ನಾಳೆ ಅಳಿಯಂದ್ರಿಗೆ ಎಣ್ಣೆಸ್ನಾನ. ಅವ್ರ ಗಾಡಿಗೂ ಬೇಡ್ವಾ? ನೋಡು, ಹಿಂಗೆ ಕಿರುಚ್ತದೆ ಅಂದ್ರೆ ಒಳಗೆಲ್ಲ ಉಷ್ಣ. ಪೆಟ್ರೋಲು ಕುಡಿಯೋ ಮೈ ಅದು. ಹರಳೆಣ್ಣೆ ತಂಪು.”

“ಎಲ್ಲೆಲ್ಲಿ ಹಾಕಿದೆ?”

“ಕೀಲು ಕೀಲಿಗೆ. ಮಗೂಗೆ ಹಾಕ್ದಂಗೆ.”

ಅಪ್ಪ ಬಂದರು. ಅವರು ಬೈಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ ನೋಡಿ, ಬೆರಳಿಗೆ ಅಂಟಿದ ಎಣ್ಣೆಯನ್ನು ಉಜ್ಜಿ ನೋಡಿ, “ಒಳ್ಳೇದಾಯ್ತು ಬಿಡವ್ವ, ನನಗೇ ಹೊಳೀಲಿಲ್ಲ,” ಎಂದರು. ಮೂವತ್ತು ವರ್ಷ ಮಗ್ಗಗಳ ಬಾಯಿಗೆ ಎಣ್ಣೆ ಬಿಟ್ಟ ಮನುಷ್ಯ. ಸದ್ದು ಮಾಡಿಯೇ ಕೆಲಸ ಮಾಡುವ ಸಾಮಾನೂ ಲೋಕದಲ್ಲಿರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ನನ್ನ ಗಂಡ ಬಂದರು. ಹೆಸರು ಕರಿಬಸಪ್ಪ, ತಾತನ ಹೆಸರು. ಸ್ನೇಹಿತರಿಗೆ ಮಾತ್ರ ಕಿರಣ್ ಎಂದು ಹೇಳಿಕೊಂಡಿದ್ದರು. ನಾನು ಎರಡನ್ನೂ ಹೇಳುವಂತಿರಲಿಲ್ಲವಾದ್ದರಿಂದ ನನಗೆ ಅದರಿಂದ ತೊಂದರೆಯಿರಲಿಲ್ಲ. ಅವರದು ಸ್ಟೀಲ್ ಪಾತ್ರೆ ಅಂಗಡಿ. ಯಾವ ಸಾಮಾನು ಕಂಡರೂ ಗೆಣ್ಣಿನಿಂದ ಟಣ್ಣನೆ ಬಾರಿಸಿ, ಕಿವಿ ಕೊಟ್ಟು, ತಗಡು ದಪ್ಪವೋ ತೆಳುವೋ ಹೇಳುವುದು ಅವರ ಅಭ್ಯಾಸ. ಮದುವೆಯ ದಿನ ಧಾರೆಯ ತಂಬಿಗೆಯನ್ನೂ ಬಾರಿಸಿದ್ದರು. ಈಗ ಗೇಟು ದಾಟಿದವರೇ ಬುಲೆಟ್ಟಿನ ಟ್ಯಾಂಕು ಬಾರಿಸಿದರು.

“ಗೇಜು ಚೆನ್ನಾಗಿದೆ ಮಾವ.”

ಅಪ್ಪನಿಗೆ ಕಣ್ಣು ತುಂಬಿ ಬಂತು.

ಕೆಟ್ಟವರಲ್ಲ ಅವರು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾಗ, ಮಸಾಲೆದೋಸೆ ಪೊಟ್ಟಣ ಕಟ್ಟಿಸಿಕೊಂಡು ಬಂದು ಅಂಗಡಿಯ ಅಟ್ಟದ ಮೇಲೆ ನನ್ನನ್ನು ಕರೆದಿದ್ದರು. ಒಂದರೊಳಗೊಂದು ಕೂಡಿಸಿಟ್ಟ ಪಾತ್ರೆಗಳ ನಡುವೆ ಕೂತು, ಸದ್ದಾಗದಂತೆ, ಇಬ್ಬರೂ ತಿಂದಿದ್ದೆವು. “ಇನ್ನೊಂದ್ಸಲ ಏನು ತರ್ಲಿ?” ಎಂದು ಕೇಳಿದ್ದರು. ನನಗೆ ಉತ್ತರ ಹೊಳೆಯುವಷ್ಟರಲ್ಲಿ ಆಷಾಢ ಬಂದುಬಿಟ್ಟಿತು. ಉತ್ತರ ಈಗ ಸಿದ್ಧವಾಗಿತ್ತು. ಹೇಳಬೇಕಾದರೆ ಆ ಅಟ್ಟಕ್ಕೆ ಹೋಗಬೇಕು. ಅಟ್ಟಕ್ಕೆ ಹೋಗಬೇಕಾದರೆ ಈ ಗಾಡಿ ಹತ್ತಬೇಕು.

*

ಬೆಳಗ್ಗೆ ಗಂಡನನ್ನು ಮಣೆಯ ಮೇಲೆ ಕೂರಿಸಿ ಅಜ್ಜಿ ನೆತ್ತಿಗೆ ಎಣ್ಣೆ ಬಡಿಯುತ್ತಿದ್ದಳು. ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದುದರಿಂದ ಗಾಡಿಯ ಸದ್ದನ್ನು ಯಾರೂ ಗಮನಿಸಲಿಲ್ಲ. ಸ್ಟಾರ್ಟ್ ಮಾಡಿದೆ. ಎರಡನೇ ಗೇರು ಹಾಕಿ, ಚಕ್ರ ತಿರುಗಲು ಬಿಟ್ಟು, ಕ್ಲಚ್ಚು ಹಿಡಿದು ಎಡಗಾಲು ಒತ್ತಿದೆ. ಕಿರುಚಾಟವಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಪೂರ್ತಿ ಒತ್ತಿದೆ. ಅದು ತನಗೆ ತೃಪ್ತಿಯಾಗುವವರೆಗೆ ತಿರುಗಿ ನಿಧಾನಕ್ಕೆ ನಿಂತಿತು, ಜಾತ್ರೆಯ ಗಿರಿಗಿಟ್ಟಲೆಯ ಹಾಗೆ.

ಅಪ್ಪನಿಗೆ ಹೇಳಿದೆ.

“ಸದ್ದು ನಿಂತಿತಾ?”

“ನಿಂತಿತು. ಚಕ್ರ ನಿಲ್ತಾ ಇಲ್ಲ.”

“ಎಣ್ಣೆ ಈಗ ತಾನೆ ಬಿದ್ದಿದೆ ಮಗಾ. ಕುಡ್ಕೊಳ್ಳತ್ತೆ. ಹಬ್ಬದ ದಿನ ಅಪಶಕುನ ನುಡೀಬೇಡ.”

ಅಮ್ಮನಿಗೆ ಹೇಳಿದೆ. ಅಮ್ಮ ಒಬ್ಬಟ್ಟು ಮಗುಚುತ್ತಿದ್ದಳು. “ನಿನ್ನ ಗಂಡನಿಗೆ ಹೇಳ್ಕೋ ಹೋಗು. ಗಾಡಿ ಅವ್ರದ್ದು, ನೀನೂ ಅವ್ರೋಳು. ನನ್ನ ಯಾಕೆ ಸೇರಿಸ್ತೀಯ?”

ಅದು ನ್ಯಾಯವೇ. ಟವೆಲ್ಲು ಕೊಡುವ ನೆಪದಲ್ಲಿ ಬಚ್ಚಲ ಬಾಗಿಲಿಗೆ ಹೋದೆ. ಸೀಗೆಪುಡಿ ಕಣ್ಣಿಗೆ ಬಿದ್ದು ಅವರು ಕಣ್ಣು ಮುಚ್ಚಿಕೊಂಡಿದ್ದರು. ನೋಡುವವರು ಯಾರೂ ಇಲ್ಲದಿದ್ದರೆ ನನಗೆ ಮಾತು ಸ್ವಲ್ಪ ಸಲೀಸು.

“ಬ್ರೇಕ್ ಹಿಡಿಯಲ್ಲ.”

“ಯಾರದು? ರಾಜೀನಾ? ಯಾವ ಬ್ರೇಕು?”

“ಹಿಂದಿಂದು. ಎಡಗಾಲಿಂದು.”

“ಎಡಗಾಲಲ್ಲಿರೋದು ಗೇರ್ ಕಣೇ.”

“ಇದರಲ್ಲಿ ಬಲಗಾಲು ಗೇರ್. ಎಡಗಾಲು ಬ್ರೇಕು. ಅದಕ್ಕೆ ಅಜ್ಜಿ ಹರಳೆಣ್ಣೆ ಹಾಕಿದಾರೆ.”

ಅವರು ಕಣ್ಣು ಮುಚ್ಚಿಕೊಂಡೇ ಜೋರಾಗಿ ನಕ್ಕರು. “ಫ್ರೆಂಡ್ ಯೆಜ್ಡಿ ಓಡ್ಸಿ ಓಡ್ಸಿ ಸವೆಸಿರೋನು ನಾನು. ಮೈಸೂರ್ ರೋಡಲ್ಲಿ ಕೈ ಬಿಟ್ಟು ಹೋಗಿದೀನಿ. ನನಗೆ ಗೇರ್ ಎಲ್ಲಿದೆ ಅಂತ ನೀನು ಹೇಳ್ತೀಯಾ?”

“ಹಂಗಾದ್ರೆ ಕೈಯಿಂದು ಹಿಡೀರಿ. ಮುಂದಿನ ಬ್ರೇಕು.”

“ಮುಂದಿಂದು ಹಿಡಿದ್ರೆ ಪಲ್ಟಿ. ಅದು ಶೋಗೆ ಇಟ್ಟಿರೋದು. ಟವೆಲ್ ಕೊಡು.”

ಟವೆಲ್ ಕೊಟ್ಟೆ.

ಊಟವಾಯಿತು. ಒಬ್ಬಟ್ಟಿನ ಮೇಲೆ ತುಪ್ಪ, ತುಪ್ಪದ ಮೇಲೆ ಉಪಚಾರ. ರಾಹುಕಾಲಕ್ಕೆ ಮುಂಚೆ ಹೊರಡಬೇಕು. ಬಸವೇಶ್ವರನಗರದಲ್ಲಿ ನಮ್ಮ ಅತ್ತೆ ಆರತಿ ತಟ್ಟೆ ಹಿಡಿದು, ನೆಂಟರನ್ನೆಲ್ಲ ಸೇರಿಸಿಕೊಂಡು, ಗಾಡಿ ಮೇಲೆ ಬರುವ ಮಗ-ಸೊಸೆಗಾಗಿ ಕಾಯುತ್ತಿರುತ್ತಾರೆ. ಅಪ್ಪ, ಹಾಲಿನ ಕೃಷ್ಣಪ್ಪ ಇಬ್ಬರೂ ಸೇರಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದರು. ಅದೊಂದು ಕೆಲಸ ನನ್ನೊಬ್ಬಳಿಂದ ಎಂದೂ ಆಗಿರಲಿಲ್ಲ. ಮೈತುಂಬ ವಿಭೂತಿ ಪಟ್ಟೆ, ಹ್ಯಾಂಡಲಿಗೆ ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ನನ್ನ ಮೈಮೇಲೂ ಹೆಚ್ಚುಕಡಿಮೆ ಅಷ್ಟೇ ಹೂವಿತ್ತು. ಟ್ರಂಕು ಹಿಡಿದು ಗೇಟಿನ ಹತ್ತಿರ ನಿಂತೆ.

“ಮೊದ್ಲು ಒಂದು ರೌಂಡು ನಾನೊಬ್ನೇ ಹೋಗ್ಬರ್ತೀನಿ,” ಎಂದರು ನನ್ನ ಗಂಡ, ಕಾಲರ್ ಸರಿಮಾಡಿಕೊಳ್ಳುತ್ತ.

ಒದ್ದರು. ಗಾಡಿ ತಿರುಗಿ ಒದೆಯಿತು. ಇನ್ನೊಮ್ಮೆ ಒದ್ದರು. ಬೀದಿಯ ಜನ ಬಾಗಿಲಿಗೆ ಬಂದರು. ಬೆವರಿನ ಜೊತೆಗೆ ತಲೆಯ ಎಣ್ಣೆಯೂ ಕಿವಿಯ ಹಿಂದೆ ಇಳಿಯತೊಡಗಿತು.

“ಎಣ್ಣೆಸ್ನಾನ ಮಾಡಿದ ಮೈ, ನಿತ್ರಾಣ ಇರ್ತದೆ,” ಎಂದಳು ಅಜ್ಜಿ.

ಅಪ್ಪ ನನ್ನ ಕಡೆ ನೋಡಿದರು. ನಾನು ಮೀಟರಿನ ಮುಳ್ಳಿನ ಕಡೆ ನೋಡಿದೆ. ಬೀದಿಯೆಲ್ಲ ನಿಂತಿರುವಾಗ ಅಳಿಯನ ಗಾಡಿಯನ್ನು ಮಗಳ ಕೈಲಿ ಒದೆಸಲು ಅಪ್ಪನಿಗೆ ಬಾಯಿ ಬರಲಿಲ್ಲ. ಅಪ್ಪ ಹೇಳದೆ ಮುಂದೆ ಬರಲು ನನಗೆ ಕಾಲು ಬರಲಿಲ್ಲ.

“ತಳ್ಬಿಡನ ಬನ್ನಿ ಅಣ್ಣ,” ಎಂದ ಸೈಕಲ್ ಶಾಪಿನ ಬೈರಪ್ಪ. ತಳ್ಳುವುದೆಂದರೆ ನಮ್ಮ ಬೀದಿಗೆ ಹಬ್ಬ. ಬೈರಪ್ಪ, ಕೃಷ್ಣಪ್ಪ, ಇನ್ನೂ ನಾಲ್ಕಾರು ಗಂಡಸರು ಪಂಚೆ ಎತ್ತಿಕಟ್ಟಿ ಕೈ ಹಾಕಿದರು. ಇಳಿಜಾರು ಬೇರೆ. ಹತ್ತು ಮಾರು ಹೋಗುವಷ್ಟರಲ್ಲಿ ನನ್ನ ಗಂಡನ ಬಲಗಾಲು ತಗುಲಿ ಎರಡನೇ ಗೇರು ಬಿತ್ತು, ಎಂಜಿನ್ನು ಗುಡುಗಿತು. ತಳ್ಳಿದವರು ಕೈ ಬಿಟ್ಟು ಚಪ್ಪಾಳೆ ತಟ್ಟಿದರು.

ನನ್ನ ಗಂಡನ ಬೆನ್ನು ನನಗೆ ಚೆನ್ನಾಗಿ ಕಾಣುತ್ತಿತ್ತು. ಪಾದಗಳೂ ಕಾಣುತ್ತಿದ್ದವು. ನಲ್ಲಿಯ ಹತ್ತಿರದ ತಿರುವು ಬರುವ ಮುಂಚೆ ಬ್ರೇಕು ಎಂದುಕೊಂಡು ಬಲಗಾಲು ಒತ್ತಿದರು. ಗಾಡಿ ಮೂರನೇ ಗೇರಿಗೆ ಹೋಯಿತು. ನಿಲ್ಲಲಿಲ್ಲವಲ್ಲ ಎಂದು ಇನ್ನೂ ಜೋರಾಗಿ ಒತ್ತಿದರು. ನಾಲ್ಕನೆಯದಕ್ಕೆ ಹೋಯಿತು. ನಿಲ್ಲಿಸಬೇಕೆಂಬ ಅವರ ಆಸೆ ಹೆಚ್ಚಿದಷ್ಟೂ ಗಾಡಿ ಹಗುರಾಗಿ ಓಡತೊಡಗಿತು.

ನಾನು ಟ್ರಂಕು ಬಿಟ್ಟು ರಸ್ತೆಗೆ ಬಂದು ಕೂಗಿದೆ. ಹೆಸರು ಹಿಡಿದು ಕೂಗುವ ಹಾಗಿಲ್ಲ. ಹೆಂಡತಿಗೆ ಇರುವುದು ಒಂದೇ ಅಕ್ಷರ.

“ರೀ!”

ಬೀದಿಯ ಗಂಡಂದಿರೆಲ್ಲ ತಿರುಗಿ ನನ್ನ ಕಡೆ ನೋಡಿದರು.

“ರೀ! ಎಡಗಾಲು!”

ಕೃಷ್ಣಪ್ಪ ತನ್ನ ಎಡಗಾಲು ಎತ್ತಿ ಚಪ್ಪಲಿಗೆ ಏನು ಮೆತ್ತಿದೆ ಎಂದು ನೋಡಿಕೊಂಡ. ಆದರೆ ನನ್ನ ಗಂಡನಿಗೂ ಕೇಳಿಸಿತ್ತು. ಮದುವೆಯಾದ ಮೇಲೆ ಮೊದಲ ಸಲ ಅವರು ನಾನು ಹೇಳಿದ್ದನ್ನು ಕೇಳಿದರು. ಎಡಗಾಲನ್ನು ಇಟ್ಟು, ಎದ್ದುನಿಂತು, ಇಡೀ ಮೈಭಾರ ಹಾಕಿ ತುಳಿದರು.

ಅಲ್ಲಿ ಅಜ್ಜಿಯ ಹರಳೆಣ್ಣೆ ಇತ್ತು.

ಗಾಡಿ ಕೊಂಚವೂ ಕಿರುಚದೆ, ಬಹಳ ತಂಪಾಗಿ, ನಲ್ಲಿಯ ಮುಂದಿನ ಕೊಡಗಳ ಸಾಲಿಗೆ ನುಗ್ಗಿತು. ಮೊದಲು ಪ್ಲಾಸ್ಟಿಕ್ ಕೊಡಗಳು ಹಾರಿದವು, ಆಮೇಲೆ ಸ್ಟೀಲಿನವು ಉರುಳಿದವು, ಕೊನೆಗೆ ಒಂದು ಹಿತ್ತಾಳೆ ಕೊಡ ತನ್ನ ಜಾಗ ಬಿಡಲೊಪ್ಪದೆ ಚಕ್ರಕ್ಕೆ ಅಡ್ಡ ಕೂತಿತು. ಗಾಡಿ ಕೆಸರಿನಲ್ಲಿ ಮಗ್ಗುಲಾಗಿ ಗುರ್ರೆಂದು, ಕೆಮ್ಮಿ, ಸುಮ್ಮನಾಯಿತು. ನಾವು ಓಡಿಹೋದಾಗ ನನ್ನ ಗಂಡ ಕೊಡಗಳ ನಡುವೆ ಅಂಗಾತ ಬಿದ್ದಿದ್ದರು. ಕಣ್ಣು ಬಿಟ್ಟು ಆಕಾಶ ನೋಡಿದರು, ನಮ್ಮನ್ನು ನೋಡಿದರು, ಎದೆಯ ಮೇಲೆ ಬಿದ್ದಿದ್ದ ನಗ್ಗಿದ ಸ್ಟೀಲ್ ಕೊಡವನ್ನು ನೋಡಿದರು. ಗೆಣ್ಣಿನಿಂದ ಟಣ್ಣನೆ ಬಾರಿಸಿದರು.

“ಇದು ನಮ್ಮ ಅಂಗಡೀದಲ್ಲ,” ಎಂದರು. “ಗೇಜು ಕಮ್ಮಿ.”

“ಕಮ್ಮಿಯೋ ಜಾಸ್ತಿಯೋ, ನಂದದು!” ಎಂದು ಗಂಗಲಕ್ಷ್ಮಮ್ಮ ಕೊಡ ಕಿತ್ತುಕೊಂಡಳು. “ನೀರು ತುಂಬೋ ಹಬ್ಬ ನಿನ್ನೇನೇ ಮುಗೀತು ಕಣಪ್ಪ. ಇವತ್ಯಾಕೆ ಬಂದೆ ಕೊಡ ಹುಡುಕ್ಕೊಂಡು?”

ನನಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡೆ. ಎಲ್ಲರೂ ಅಳು ಎಂದುಕೊಂಡು ಸಮಾಧಾನ ಮಾಡಿದರು.

*

ನನ್ನ ಗಂಡನ ಬಲಗಾಲಿನ ಹರಡು ಊದಿಕೊಂಡು ಬನ್ನಿನಂತಾಗಿತ್ತು. ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದರು. ಅಜ್ಜಿ ಒಳಗೆ ಹೋಗಿ ಅದೇ ಒಳಲೆ ತಂದಳು.

“ಕೀಲಿಗೆ ಹರಳೆಣ್ಣೆ ಬಿದ್ರೆ ಸರಿಹೋಗ್ತದೆ.”

“ಬೇಡ ಅಜ್ಜಿ,” ಎಂದರು ನನ್ನ ಗಂಡ. ಅವರ ಬೇಡವೂ ಅಜ್ಜಿಗೆ ಕೇಳಿಸಲಿಲ್ಲ. ಆ ಕ್ಷಣ ಅವರ ಮೇಲೆ ನನಗೆ ಸ್ವಲ್ಪ ಅಕ್ಕರೆ ಹುಟ್ಟಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

“ನೀನೇ ಎಡಗಾಲು ಅಂದೆ!” ಎಂದು ನನ್ನತ್ತ ತಿರುಗಿದರು. “ನಿನ್ನ ಮಾತು ಕೇಳಿ ಎಡಗಾಲು ಹಾಕ್ದೆ, ನೋಡು ಏನಾಯ್ತು!”

ಬಚ್ಚಲ ಬಾಗಿಲಲ್ಲಿ ಹೇಳಿದ್ದು ನೆನಪಿದೆಯಾ ಎಂದು ಕೇಳಬಹುದಿತ್ತು. ಜಗಲಿಯ ಸುತ್ತ ಅಷ್ಟೊಂದು ಜನರಿದ್ದರು. ಅವರ ಒಂಟಿ ಚಪ್ಪಲಿಯನ್ನು ಹುಡುಕಿ ತಂದು ಇಟ್ಟೆ.

ಗಾಡಿಗೆ ಹೆಚ್ಚೇನೂ ಆಗಿರಲಿಲ್ಲ. ಒಂದು ಕನ್ನಡಿ ಹೋಗಿತ್ತು, ಚೆಂಡುಹೂವು ಹೋಗಿತ್ತು. ಬೈರಪ್ಪ, ಕೃಷ್ಣಪ್ಪ ಅದನ್ನು ಮೇಲಕ್ಕೆ ತಳ್ಳಿಕೊಂಡು ಬಂದು ಅಂಗಳದಲ್ಲಿ ಅದರ ಹಳೆಯ ಜಾಗದಲ್ಲೇ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿದರು. ಬೈರಪ್ಪ ತನ್ನ ಸ್ಪ್ಯಾನರುಗಳನ್ನು ತಂದು ಹಿಂದಿನ ಚಕ್ರ ಬಿಚ್ಚಿದ. ಡ್ರಮ್ಮಿನೊಳಗೆ ಇಣುಕಿ ಮೂಸಿದ.

“ಅಯ್ನೋರೆ, ಇದ್ರಲ್ಲಿ ಎರಡು ಹಪ್ಪಳ ಕರೀಬೌದು.”

“ಅಷ್ಟೊಂದು ಬಿದ್ದಿದೆಯಾ?” ಎಂದರು ಅಪ್ಪ. ಸಣ್ಣ ದನಿ.

“ಬ್ರೇಕ್ ಅಂದ್ರೆ ಉಜ್ಜಿ ಹಿಡಿಯೋ ಸಾಮಾನು ಅಯ್ನೋರೆ. ಅದಕ್ಕೆ ಎಣ್ಣೆ ಹಾಕೋದು ಅಂದ್ರೆ ನಾಯಿಗೆ ಕಳ್ಳನ್ನ ನೆಂಟ ಅಂತ ತೋರಿಸ್ದಂಗೆ.”

ಒಳಗಿನ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದ. ಉಪ್ಪುಕಾಗದದಲ್ಲಿ ತಿಕ್ಕಿದ. ಮತ್ತೆ ತೊಳೆದು ಮತ್ತೆ ತಿಕ್ಕಿದ. ಅಪ್ಪ ಪಕ್ಕದಲ್ಲಿ ಕೂತು, ಕಂದು ಬಣ್ಣದ ಪೆಟ್ರೋಲು ಕಲ್ಲುಚಪ್ಪಡಿಯ ಮೇಲೆ ಹರಿದು ಹೋಗುವುದನ್ನು ನೋಡುತ್ತಿದ್ದರು. ನಾನು ಬನಿಯನ್ ಬಟ್ಟೆ ಒದಗಿಸಿದೆ. ಚಕ್ರ ತೊಡಿಸಿ ಬೈರಪ್ಪ ಎಡಗಾಲಿನ ಪೆಡಲು ಕೈಯಲ್ಲಿ ಒತ್ತಿದಾಗ ಸಣ್ಣಗೆ ಕಿರ್ ಎಂದಿತು. ಆ ಸದ್ದು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು.

“ಹಿಡೀತದೆ. ಪೂರ್ತಿ ಅಲ್ಲ,” ಎಂದ. “ಮುಂದಿಂದು ಸಡಿಲ ಇತ್ತು, ಕೇಬಲ್ ಬಿಗಿ ಮಾಡಿದೀನಿ. ಕೈಯಿಂದು, ಕಾಲಿಂದು ಎರಡೂ ಜೊತೇಲಿ ಹಿಡ್ಕೊಂಡು ಮೆತ್ತಗೆ ಹೋದ್ರೆ ಕಾಶಿಗೂ ಹೋಗ್ಬೌದು. ಯಾರು ಓಡಿಸ್ತೀರ?”

ಬನ್ನಿನಂಥ ಕಾಲಿನವರು ಓಡಿಸುವಂತಿರಲಿಲ್ಲ. ಅಪ್ಪನ ಮಂಡಿ ಓಡಿಸುವಂತಿರಲಿಲ್ಲ. ಬೈರಪ್ಪ, “ನನ್ನ ಕಾಲಿಗೆ ಪೆಡಲ್ ಸುತ್ತೋದು ಬಿಟ್ರೆ ಏನೂ ಗೊತ್ತಿಲ್ಲ,” ಎಂದ. ಕೃಷ್ಣಪ್ಪ ಹಸುಗಳ ನೆಪ ಹೇಳಿದ.

ನನ್ನ ಗಂಡ ಗೋಡೆ ನೋಡುತ್ತ ಹೇಳಿದರು. “ಮಾವ, ನನಗೊಂದು ಆಟೋ ಕರ್ಸಿ. ಕಾಲು ಸರಿಹೋದ್ಮೇಲೆ ಬಂದು ಗಾಡಿ ತಗೊಂಡು ಹೋಗ್ತೀನಿ.”

“ಮಗಳು?” ಎಂದಳು ಅಮ್ಮ, ಬಾಗಿಲ ಹಿಂದಿನಿಂದ.

“ಅವ್ಳೂ ಗಾಡಿ ಜೊತೇಲೇ ಬರ್ಲಿ ಅತ್ತೆ. ಅಪ್ಪಾಜಿ ಎಲ್ರಿಗೂ ಹೇಳ್ಬಿಟ್ಟಿದಾರೆ, ಗಾಡಿ ಮೇಲೇ ಬರ್ತಾಳೆ ಅಂತ. ಆಟೋದಲ್ಲಿ ಇಳಿಸಿದ್ರೆ ನೆಂಟರ ಮುಂದೆ ಏನು ಚೆನ್ನಾಗಿರತ್ತೆ?”

“ಯಾವಾಗ ಬರ್ತೀರಿ ಮತ್ತೆ?”

“ನೋಡಣ. ಕಾರ್ತೀಕ ಮುಗೀಲಿ. ಧನುರ್ಮಾಸದಲ್ಲಿ ಬೇಡ ಅಂತಾರೆ ಅಪ್ಪಾಜಿ. ಸಂಕ್ರಾಂತಿ ಆದ್ಮೇಲೆ…”

ಅಪ್ಪ ತಲೆ ಬಗ್ಗಿಸಿ ಹೂಂ ಎಂದರು. ಅಜ್ಜಿ ಎಣ್ಣೆ ತೀಡುತ್ತಿದ್ದ ಕೈ ನಿಲ್ಲಿಸಲಿಲ್ಲ. ಗೇಟಿನ ಮೇಲೆ ಗಂಗಲಕ್ಷ್ಮಮ್ಮನ ಎರಡು ಕೈಗಳೂ ಬಂದು ಕೂತಿದ್ದವು. ಸಂಕ್ರಾಂತಿವರೆಗಿನ ಬೆಳಗುಗಳೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ನಿಂತವು, ನಲ್ಲಿಯ ಮುಂದಿನ ಕೊಡಗಳ ಹಾಗೆ. ಪ್ರತಿಯೊಂದರಲ್ಲೂ ಒಂದು ಬನಿಯನ್ ಬಟ್ಟೆ, ಒಂದು ಟ್ಯಾಂಕು, ಒಂದು “ಇನ್ನೂ ಇಲ್ಲೇ ಇದೀಯಾ?”

ಸೆರಗು ಸಿಕ್ಕಿಸಿದೆ. ನೆರಿಗೆ ಎತ್ತಿಕಟ್ಟಿದೆ. ಗೇಟು ಪೂರ್ತಿ ತೆರೆದೇ ಇತ್ತು. ಹಾಕಲು ಹೋಗಲಿಲ್ಲ.

ಗಾಡಿ ಹತ್ತಿ ಕೂತು ಪೆಟ್ರೋಲಿನ ನಲ್ಲಿ ತಿರುಗಿಸಿದೆ. ಕಿಕ್ಕರು ಮೆಲ್ಲಗೆ ಅದುಮಿದೆ. ಮುಳ್ಳು ನಡುವಿಗೆ ಬಂತು. ಚಿಕ್ಕ ಲಿವರು ಎಳೆದೆ. ಗಾಡಿ ಉಸಿರು ಬಿಟ್ಟಿತು. ಒಂದೇ ಏಟು. ಅಂಗಳದಲ್ಲಿ ಗುಡುಗು ಎದ್ದಿತು. ಜಗಲಿಯ ಮೇಲಿನ ಒಳಲೆ ಅಲುಗಿ ಉರುಳಿತು. ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಮದುವೆಯ ದಿನ. ಅವತ್ತು ನನ್ನ ತಲೆ ಬಗ್ಗಿತ್ತು.

ಹಿಂದೆ ಸೀಟು ಖಾಲಿಯಿತ್ತು. ಕೈಯಿಂದ ಅದರ ಮೇಲಿನ ಕೆಸರು ಒರೆಸಿದೆ, ನನ್ನ ಗಂಡ ಕೂರಲು ಆಗುವ ಹಾಗೆ. ಎಡಗಾಲು ಬ್ರೇಕಿನ ಮೇಲಿಟ್ಟು ಒತ್ತಿ ನೋಡಿದೆ. ಕಿರ್ ಎಂದಿತು.

“ಯಾರಾದ್ರೂ ಒಂಚೂರು ಸ್ಟ್ಯಾಂಡಿಂದ ಇಳಿಸಿಕೊಡಿ,” ಎಂದೆ.